ನನ್ನ ಹೊಟ್ಟೆಗೆ ನಲ್ಲಿ ಇಟ್ಟ ಕಥೆ

ನಾನು ಒಂದು ಭರಣಿ. ಭುಜದ ತನಕ ಕಂದು, ಅಲ್ಲಿಂದ ಕೆಳಗೆ ಕೆನೆ ಬಣ್ಣ, ಎರಡು ಕೊಡ ನೀರು ಹಿಡಿಸುವ ಹೊಟ್ಟೆ. ಹೊಟ್ಟೆಯ ಬುಡದಲ್ಲಿ ಬಿಳಿ ಪ್ಲಾಸ್ಟಿಕ್ಕಿನ ನಲ್ಲಿಯೊಂದು ಅಂಟಿಕೊಂಡಿದೆ. ಅದನ್ನು ನೋಡಿ ನಗಬೇಡಿ. ಹುಟ್ಟುವಾಗ ನನಗೆ ಅದು ಇರಲಿಲ್ಲ.

ನಾನು ಹುಟ್ಟಿದ್ದು ಬೆಂಕಿಯಲ್ಲಿ. ಯಾರೋ ಮಣ್ಣನ್ನು ಅರೆದು, ತಿರುಗಿಸಿ, ಮೈಗೆ ಹೊಳಪು ಬಳಿದು ಒಲೆಯೊಳಗೆ ಇಟ್ಟರು. ಮೂರು ದಿನ ಬೆಂದು ಹೊರಗೆ ಬಂದಾಗ ಒಬ್ಬ ಮುದುಕ ನನ್ನನ್ನು ಬೆರಳ ಗೆಣ್ಣಿನಿಂದ ಬಡಿದ. ಗಂಟೆಯ ಹಾಗೆ ಕೇಳಿಸಿತು. ಬಿರುಕಿಲ್ಲ ಎಂದು ತಲೆಯಾಡಿಸಿ ಹುಲ್ಲು ಸುತ್ತಿ ಕಳಿಸಿದ. ಆ ಶಬ್ದ ಈಗ ನನ್ನಲ್ಲಿಲ್ಲ, ಬಡಿದರೆ ಬರೀ ಟಪ್ ಎನ್ನುತ್ತೇನೆ.

ಮಂಗಳೂರಿನ ಬಂದರಿನ ಅಂಗಡಿಯೊಂದರಿಂದ ನನ್ನನ್ನು ಕುಲಶೇಖರದ ಮನೆಗೆ ತಂದವರು ನಾತಾಲ್ ಬಾಯಿ. ಕಿವಿಯಲ್ಲಿ ಚಿನ್ನದ ಕುಡುಕು, ಮಾತಿನಲ್ಲಿ ಕಾರ. ಮೊದಲ ದಿನವೇ ಅವರು ಮನೆಯವರಿಗೆಲ್ಲ ಹೇಳಿಬಿಟ್ಟರು: "ಇದು ವೈನಿಗೆ ಮಾತ್ರ. ಉಪ್ಪಿನಕಾಯಿಯನ್ನು ಇದರ ಹತ್ತಿರ ಸಹ ತರ್ಬೇಡಿ." ಅವರ ಮನೆಮಾತು ಕೊಂಕಣಿ. ನಿಮಗೆ ತಿಳಿಯಲಿ ಎಂದು ನಾನು ಊರಿನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಪ್ರತಿ ವರ್ಷ ಅಕ್ಟೋಬರಿನಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ ನನ್ನೊಳಗೆ ಬೀಳುತ್ತಿತ್ತು. ಏಳು ದಿನ ಮರದ ಸೌಟಿನಿಂದ ತಿರುವುವುದು. ಆಮೇಲೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿದರೆ ಇಪ್ಪತ್ತೊಂದು ದಿನ ಯಾರೂ ಮುಟ್ಟುವ ಹಾಗಿಲ್ಲ. ಇದನ್ನು ನಾತಾಲ್ ಬಾಯಿ ಸೊಸೆಗೆ ಕಲಿಸಿದರು. ಸೊಸೆಯ ಹೆಸರು ಸೆರಪಿನ್. ಅತ್ತೆಯನ್ನು ಮಾಯ್ ಎಂದು ಕರೆಯುತ್ತಿದ್ದ ಆ ಹುಡುಗಿ ಎರಡೇ ವರ್ಷದಲ್ಲಿ ಅತ್ತೆಯನ್ನು ಮೀರಿಸಿದಳು. ಕಿವಿಯನ್ನು ನನ್ನ ಮೈಗೆ ಇಟ್ಟು, ಒಳಗಿನ ಗುಳುಗುಳು ಕೇಳಿ, ಇನ್ನೂ ಎರಡು ದಿನ ಬೇಕು ಎನ್ನುತ್ತಿದ್ದಳು. ಒಮ್ಮೆಯೂ ತಪ್ಪಲಿಲ್ಲ.

ನಾತಾಲ್ ಬಾಯಿ ತೀರಿಹೋದ ಮೇಲೆ ನಾನು ಸೆರಪಿನ್ ಬಾಯಿಯ ಕೈಗೆ ಬಂದೆ. ಕ್ರಿಸ್‌ಮಸ್ಸಿಗೆ ಹನ್ನೆರಡು ಮನೆಗಳಿಗೆ ಕುಸ್ವಾರ್ ತಿಂಡಿಯ ತಟ್ಟೆ ಹೋಗುತ್ತಿತ್ತು, ಅದರ ಪಕ್ಕದಲ್ಲಿ ನನ್ನ ಹೊಟ್ಟೆಯಿಂದ ತುಂಬಿದ ಒಂದು ಬಾಟಲಿ. ಇಡೀ ವರ್ಷದಲ್ಲಿ ಆ ಹೆಂಗಸಿನ ಹೆಸರು ಹನ್ನೆರಡು ಮನೆಗಳಲ್ಲಿ ಕೇಳಿಬರುತ್ತಿದ್ದದ್ದು ಆ ಒಂದು ಬಾಟಲಿಯಿಂದ. ಆದರೂ ನಲವತ್ತು ವರ್ಷದಲ್ಲಿ ಅವರ ಗಂಡ ಒಮ್ಮೆಯಾದರೂ ಯಾರು ಮಾಡಿದ್ದು, ಹೇಗೆ ಮಾಡಿದ್ದು ಎಂದು ಕೇಳಿದ್ದಿಲ್ಲ. ಗ್ಲಾಸು ಖಾಲಿಯಾದರೆ ಮುಂದಕ್ಕೆ ನೂಕುತ್ತಿದ್ದರು, ಅಷ್ಟೇ.

ಆ ಗಂಡ ಎವರಿಸ್ಟ್ ಪಿಂಟೊ. ಹಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಮನೆಯಲ್ಲಿ ಕೂತು ಹೊತ್ತು ಹೋಗದೆ ಮೊಬೈಲಿನಲ್ಲಿ ಕುಡಿಯುವ ಬೀರು ಮಾಡುವ ವಿಡಿಯೊ ನೋಡತೊಡಗಿದರು. ಒಂದು ದಿನ ಪಾರ್ಸೆಲ್ ಬಂತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಪುಡಿ, ಕಹಿಗೆಂದು ಹಾಪ್ಸ್ ಎನ್ನುವ ಒಣ ಹೂವು, ಈಸ್ಟಿನ ಪೊಟ್ಟಣಗಳು. ಪಾತ್ರೆ ಮಾತ್ರ ಬರಲಿಲ್ಲ. ಮಹಾಶಯರು ಮನೆಯೆಲ್ಲ ಕಣ್ಣು ಹಾಯಿಸಿದರು. ಕಣ್ಣು ನನ್ನ ಮೇಲೆ ಬಿತ್ತು.

"ಅದು ವೈನಿನ ಭರಣಿ. ಬರುವ ತಿಂಗಳು ದ್ರಾಕ್ಷಿ ಹಾಕ್ಲಿಕ್ಕುಂಟು" ಎಂದರು ಸೆರಪಿನ್ ಬಾಯಿ.

"ಅಷ್ಟರಲ್ಲಿ ನನ್ನದು ಮುಗೀತದೆ. ನಿನ್ನ ವೈನ್ ಎಲ್ಲಿಗೆ ಓಡಿ ಹೋಗ್ತದೆ?"

ಸ್ನಾನದ ನೀರು ಕಾಯಿಸುವ ಹಂಡೆಯಲ್ಲಿ ಬಾರ್ಲಿ ಬೇಯಿಸಿ, ಹೂವು ಕುದಿಸಿ, ಕುದಿಕುದಿ ಇದ್ದದ್ದನ್ನೇ ಸೋಸಿ ನನ್ನೊಳಗೆ ಹೊಯ್ದರು. ಕೂಡಲೇ ಈಸ್ಟಿನ ಪೊಟ್ಟಣ ಹರಿದರು.

"ಬಿಸಿ ಇರುವಾಗ ಹಾಕ್ಬೇಡಿ. ಬೆರಳು ಅದ್ದಿದ್ರೆ ಸುಡ್ಬಾರ್ದು, ಮಾಯ್ ಹೇಳ್ತಿದ್ರು."

"ಇದು ನಿನ್ನ ಸನ್ನ ಇಡ್ಲಿಯ ಹಿಟ್ಟಲ್ಲ ಸೆರಪಿನ್. ಇದು ಸಾಯನ್ಸ್."

ಸಾಯನ್ಸಂತೆ! ಈಸ್ಟು ನನ್ನ ಕಣ್ಣೆದುರೇ ಬೆಂದು ಸತ್ತಿತು. ಆರು ದಿನ ಕಾದರೂ ಒಂದು ಗುಳ್ಳೆ ಬರಲಿಲ್ಲ. ಎಲ್ಲ ತೆಂಗಿನ ಬುಡಕ್ಕೆ ಹೋಯಿತು.

ಎರಡನೆಯ ಸಲ ಆರಿದ ಮೇಲೆಯೇ ಹಾಕಿದರು, ಗುಳ್ಳೆಯೂ ಬಂತು. ಆದರೆ ಈ ಪುಣ್ಯಾತ್ಮನಿಗೆ ತಾಳ್ಮೆ ಎನ್ನುವುದು ಇಲ್ಲ. ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ಮೂಸುವುದು, ಬೆರಳು ಅದ್ದಿ ಚೀಪುವುದು, ಅದೇ ಬೆರಳನ್ನು ಮತ್ತೆ ಅದ್ದುವುದು. ನನ್ನ ಬಾಯಿಯೊಳಗೆ ಕೈ ಹಾಕಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ಎಂಟನೆಯ ದಿನ ಮೇಲೆ ಬಿಳಿ ಪದರ ಕಟ್ಟಿ ವಾಸನೆ ಬೀದಿಗೆ ಹೋಯಿತು. ಆಗ ಅವರು ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳಲಿಲ್ಲ, ಅಡಿಯ ಚರಟದ ಮೇಲೆ ಹಾಕಿದರು. ಚರಟ ಕದಡದಂತೆ ಬೀರು ತೆಗೆಯಲು ಬುಡದಲ್ಲಿ ನಲ್ಲಿ ಬೇಕು ಎಂದರು. ಡ್ರಿಲ್ಲಿಂಗ್ ಮೆಷಿನ್ ತಂದರು.

ಮೂವತ್ತೈದು ವರ್ಷ ಹಂಚಿನ ನಡುವೆ ಓಡಾಡಿದ ಮನುಷ್ಯ! ಸುಟ್ಟ ಮಣ್ಣನ್ನು ಕೊರೆದರೆ ಏನಾಗುತ್ತದೆ ಎಂದು ಇವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ತೂತು ಬಿತ್ತು, ತೂತಿನಿಂದ ಸೊಂಟದ ತನಕ ಕೂದಲೆಳೆಯಷ್ಟು ಬಿರುಕೂ ಬಿತ್ತು. ನಲ್ಲಿ ತುರುಕಿ ಸುತ್ತಲೂ ಬಿರುಕಿಗೂ ಅಂಟು ಮೆತ್ತಿ, ಏನೂ ಆಗಲಿಲ್ಲ ಎಂದರು. ಸೆರಪಿನ್ ಬಾಯಿ ಬಂದು ನನ್ನನ್ನು ಬೆರಳಿನಿಂದ ಬಡಿದು ನೋಡಿದರು. ಟಪ್ ಎಂದಿತು. ಅವರು ಒಳಗೆ ಹೋದರು. ಆ ವರ್ಷ ದ್ರಾಕ್ಷಿ ತರಲಿಲ್ಲ.

ಮೂರನೆಯ ಸಲ ಪಿಂಟೊ ಮಹಾಶಯರು ಗೆಳೆಯರನ್ನು ಮೊದಲೇ ಕರೆದುಬಿಟ್ಟಿದ್ದರು. ಉಳಿದದ್ದು ಒಂದೇ ಪೊಟ್ಟಣ ಈಸ್ಟು, ಅದೂ ಕಿಟಕಿಯ ಬಿಸಿಲಿನಲ್ಲಿ ಬಿದ್ದು ಸತ್ತದ್ದು. ಎರಡು ದಿನ ನನ್ನ ಹೊಟ್ಟೆಯೊಳಗೆ ಸದ್ದೇ ಇಲ್ಲ. ಅವರು ಊಟ ಬಿಟ್ಟು ನನ್ನ ಎದುರು ಕೂತರು. ಆ ಮಧ್ಯಾಹ್ನ ಅವರು ಮಲಗಿದಾಗ ಸೆರಪಿನ್ ಬಾಯಿ ಮೆಲ್ಲಗೆ ಬಂದರು. ಕೈಯಲ್ಲಿ ಒಂದು ಲೋಟ ಕಳ್ಳು, ಸನ್ನದ ಹಿಟ್ಟು ಉಬ್ಬಲೆಂದು ತರಿಸಿದ್ದು. ನನ್ನ ಮೈಗೆ ಕಿವಿ ಇಟ್ಟರು, ನಿಟ್ಟುಸಿರು ಬಿಟ್ಟರು, ಕಳ್ಳನ್ನು ಹೊಯ್ದು ಬಾಯಿಗೆ ಬಟ್ಟೆ ಬಿಗಿದರು. ಸಂಜೆಗೆ ನಾನು ಗುಳುಗುಳು ಎನ್ನತೊಡಗಿದೆ. ಪಿಂಟೊ ಎದ್ದು ಬಂದು ಕುಣಿದಾಡಿದರು. ಅವರಿಗೆ ಮುಖಭಂಗವಾಗಬಾರದು ಎಂದು ಆಕೆ ಬಾಯಿ ಬಿಡಲಿಲ್ಲ.

ಗೆಳೆಯರು ಬಂದರು. ಕಾರ್ಖಾನೆಯ ಲಾದ್ರು ಒಂದು ಗುಟುಕು ಕುಡಿದು ಕಣ್ಣರಳಿಸಿದ. "ಸ್ವಲ್ಪ ಹುಳಿ ಉಂಟು, ಆದ್ರೆ ಜೋರುಂಟು ಮಾರಾಯ! ಯಾರ ಹತ್ರ ಕಲ್ತದ್ದು?"

"ಯಾರ ಹತ್ರವೂ ಇಲ್ಲ. ನಾನೇ ಕಲ್ತದ್ದು" ಎಂದರು ಪಿಂಟೊ.

ಮೀನು ಹುರಿದ ತಟ್ಟೆ ಹಿಡಿದು ಸೆರಪಿನ್ ಬಾಯಿ ಬಾಗಿಲಲ್ಲೇ ನಿಂತಿದ್ದರು. ನನಗೆ ಕಾಲಿದ್ದರೆ ಆ ಮನುಷ್ಯನ ಕಾಲಬೆರಳಿನ ಮೇಲೆ ಹೋಗಿ ಕೂರುತ್ತಿದ್ದೆ.

ಉಳಿದ ಅರ್ಧ ಬೀರನ್ನು ಬಂದವರಿಗೆಲ್ಲ ತೋರಿಸುತ್ತ, ಮುಚ್ಚಳ ತೆಗೆದು ಹಾಕಿ, ಹತ್ತೇ ದಿನದಲ್ಲಿ ಹುಳಿ ಬರಿಸಿದರು. ಈ ಸಲ ತಪ್ಪು ನನ್ನದಾಯಿತು. "ಹಳೇ ಭರಣಿ. ಉಪ್ಪಿನಕಾಯಿ ವಾಸನೆ ಹೋಗುದಿಲ್ಲ. ಬಿಸಾಡು ಇದನ್ನು" ಎಂದರು. ಹುಟ್ಟಿದಂದಿನಿಂದ ಒಂದು ಮಾವಿನಮಿಡಿಯನ್ನೂ ಕಾಣದ ನನಗೆ ಉಪ್ಪಿನಕಾಯಿ ವಾಸನೆಯಂತೆ! ನನಗೆ ಬಂದ ಸಿಟ್ಟಿಗೆ ಬಿರುಕು ಇನ್ನೊಂದು ಇಂಚು ಮೇಲೇರಿರಬೇಕು.

ಸೆರಪಿನ್ ಬಾಯಿ ನನ್ನನ್ನು ಬಿಸಾಡಲಿಲ್ಲ. ಒಗೆಯುವ ಕಲ್ಲಿನ ಪಕ್ಕದ ಮೂಲೆಗೆ ಎಳೆದು, ಬಾಯಿಗೆ ಬಟ್ಟೆ ಕಟ್ಟಿ, ನಲ್ಲಿಯ ಸುತ್ತ ಜೇನುಮೇಣ ಮೆತ್ತಿ ಬಿಟ್ಟರು. ವಾರಕ್ಕೊಮ್ಮೆ ಬಂದು ಮೂಸಿ ಹೋಗುತ್ತಿದ್ದರು.

ಕ್ರಿಸ್‌ಮಸ್ ಬಂತು. ಹನ್ನೆರಡು ಮನೆಗಳಿಗೆ ಬಾಟಲಿಯಿಲ್ಲದ ತಟ್ಟೆ ಹೋಯಿತು. ಮರುದಿನ ಮಧ್ಯಾಹ್ನದ ಊಟಕ್ಕೆ ಅದೇ ಗೆಳೆಯರು ಬಂದರು. ಅಡಿಗೆಮನೆಯ ಹಿಂದಿನ ಜಗಲಿಯಲ್ಲೇ ಮೇಜು ಹಾಕಿದ್ದರಿಂದ ನನಗೆ ಎಲ್ಲ ಕೇಳಿಸಿತು.

"ಈ ಸಲ ವೈನ್ ಇಲ್ವಾ ಬಾಯಿ?" ಎಂದ ಲಾದ್ರು.

"ಭರಣಿ ಹಾಳಾಯ್ತು ಮಾರಾಯ" ಎಂದು ಪಿಂಟೊ ನಡುವೆ ಬಾಯಿ ಹಾಕಿದರು.

ಸೆರಪಿನ್ ಬಾಯಿ ಹಂದಿಮಾಂಸದ ಸಾರು ಬಡಿಸಿದರು. ಲಾದ್ರು ಬೆರಳು ನೆಕ್ಕಿ ಕೇಳಿದ: "ಇದಕ್ಕೆ ಎಂತ ಹುಳಿ ಹಾಕಿದ್ದು ಬಾಯಿ? ಇಂಥದ್ದು ನಾನು ತಿಂದದ್ದೇ ಇಲ್ಲ."

"ವಿನೆಗರ್. ಇವರು ಬಿಸಾಡು ಹೇಳಿದ ಬೀರು, ಎರಡು ತಿಂಗಳು ಬಾಯಿ ಕಟ್ಟಿ ಇಟ್ಟೆ" ಎಂದರು ಸೆರಪಿನ್ ಬಾಯಿ. ಸೌಟು ಕೆಳಗಿಟ್ಟರು. "ಭರಣಿ ಹಾಳಾದದ್ದಲ್ಲ, ಇವರು ತೂತು ಮಾಡಿದ್ದು. ಆ ದಿನ ನೀವು ಕುಡಿದ ಬೀರಿಗೆ ಜೀವ ಬಂದದ್ದು ನನ್ನ ಒಂದು ಲೋಟ ಕಳ್ಳಿನಿಂದ. ನಲವತ್ತು ವರ್ಷದಿಂದ ಈ ಮನೆಯಲ್ಲಿ ಹುಳಿ ಬರಿಸುವುದು ನಾನು. ಯಾರಾದ್ರೂ ಒಬ್ರು ಕೇಳಿದ್ದುಂಟಾ?"

ಲಾದ್ರು ತಟ್ಟೆ ನೋಡಿದ. ಪಿಂಟೊ ಎದ್ದು ಹೋದರು. ಸಿಟ್ಟಾಯಿತು ಎಂದು ಎಲ್ಲರೂ ಅಂದುಕೊಂಡರು. ಅವರು ಬೀರಿನ ಲೆಕ್ಕಾಚಾರ ಬರೆದಿಡುವ ಪುಸ್ತಕ, ಪೆನ್ನು ಹಿಡಿದು ವಾಪಸು ಬಂದರು. ಮುಖ ಕೆಂಪಾಗಿತ್ತು.

"ಕಳ್ಳು ಎಷ್ಟು? ಯಾವಾಗ ಹಾಕಿದ್ದು? ಹೇಳು, ಬರೀತೇನೆ."

"ಬರೀಲಿಕ್ಕೆ ಆಗುದಿಲ್ಲ" ಎಂದರು ಸೆರಪಿನ್ ಬಾಯಿ. "ಪಕ್ಕದಲ್ಲಿ ನಿಂತು ನೋಡಿ ಕಲೀಬೇಕು. ಮೊದಲು ಹೊಸ ಭರಣಿ ತನ್ನಿ."

ಹೊಸ ಭರಣಿ ಬಂತು. ಈಗ ದ್ರಾಕ್ಷಿ ಅದರಲ್ಲಿ ಬೀಳುತ್ತದೆ, ಪಿಂಟೊ ಸೌಟು ಹಿಡಿದು ಹೇಳಿದಷ್ಟೇ ತಿರುವುತ್ತಾರೆ. ಹೆಂಡತಿಗೆ ಸಲ್ಲಬೇಕಾದದ್ದು ಸಂದಿತು, ಸಂತೋಷ. ನನ್ನಲ್ಲಿ ಮಾತ್ರ ಇವತ್ತಿನ ತನಕ ಯಾರೂ ಕ್ಷಮೆ ಕೇಳಿಲ್ಲ. ಒಗೆಯುವ ಕಲ್ಲಿನ ಪಕ್ಕದಲ್ಲಿ ವಿನೆಗರ್ ತುಂಬಿಕೊಂಡು ಕೂತಿದ್ದೇನೆ. ಮುದಿತನದಲ್ಲಿ ಹೊಟ್ಟೆಯಲ್ಲಿ ಹುಳಿ ಇರುವುದು ನನಗೆ ಒಪ್ಪುತ್ತದೆ.

ಮೊನ್ನೆ ಪಿಂಟೊ ಈ ದಾರಿಯಾಗಿ ಬಂದವರು ನನ್ನ ಎದುರು ನಿಂತರು. ಆಚೀಚೆ ನೋಡಿ ನನ್ನ ಬಾಯಿಗೆ ಕಟ್ಟಿದ ಬಟ್ಟೆಯ ಗಂಟಿಗೆ ಮೆಲ್ಲಗೆ ಕೈ ಹಾಕಿದರು. ಅಡಿಗೆಮನೆಯಿಂದ ಸೆರಪಿನ್ ಬಾಯಿ ಒಮ್ಮೆ ಕೆಮ್ಮಿದರು. ಪಿಂಟೊ ಕೈ ಹಿಂದಕ್ಕೆ ತೆಗೆದುಕೊಂಡು, ಅಂಗಿಗೆ ಒರೆಸಿ, ಹಗ್ಗದ ಮೇಲೆ ಒಗೆದು ಹಾಕಿದ ಬಟ್ಟೆ ಒಣಗಿದೆಯೋ ಎಂದು ಮುಟ್ಟಿ ನೋಡತೊಡಗಿದರು.