ಗುಡ್ಡದ ಮೇಲೆ ಸ್ಟಾಫ್ ಪಿಕ್ನಿಕ್

ಭಾನುವಾರ ಆಫೀಸಿನವರ ಜೊತೆ ಗುಡ್ಡ ಹತ್ತಲು ಹೋಗುತ್ತೇನೆ ಎಂದು ಗುರುದತ್ತ ಬಾಯಿಬಿಟ್ಟದ್ದೇ ತಪ್ಪಾಯಿತು. ಅವನ ತಾಯಿ ವಿಜಯಲಕ್ಷ್ಮೀ ಮೈಸೂರಿನಿಂದ ಬಂದು, ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಅವನ ಮನೆಯಲ್ಲಿ ವಾರದಿಂದ ಬೀಡುಬಿಟ್ಟಿದ್ದಳು. ಗಂಡ ನರಸಿಂಹಮೂರ್ತಿ ಬ್ಯಾಂಕಿನಲ್ಲೇ ಸವೆದು ನಿವೃತ್ತರಾದವರು, ಮಗನೂ ಬ್ಯಾಂಕ್ ಆಫೀಸರ್. ಬ್ಯಾಂಕಿನ ಪಿಕ್ನಿಕ್ಕಿಗೆ ಮನೆಯವರು ಹೋಗದೆ ಇರುವುದುಂಟೇ? ಸ್ಟಾಫ್ ಹಿಂದೆ ನಿಂತು, ಫ್ಯಾಮಿಲಿ ಮುಂದೆ ಕೂತು ಫೋಟೋ ತೆಗೆಸಿಕೊಳ್ಳದಿದ್ದರೆ ಆಕೆಯ ಪ್ರಕಾರ ಅದು ಪಿಕ್ನಿಕ್ಕೇ ಅಲ್ಲ.

"ನಾನೂ ಬರ್ತೀನಿ ಕಣೋ. ಪುಳಿಯೋಗರೆ ಎಷ್ಟು ಜನಕ್ಕೆ ಕಲಸ್ಲಿ?"

ಹೊರಟಿದ್ದವರು ಬ್ಯಾಂಕಿನವರೇ ಅಲ್ಲ. ಗಂಡಸನ್ನು ಮೆಚ್ಚಿದ ಗಂಡಸರು, ಹೆಂಗಸನ್ನು ಮೆಚ್ಚಿದ ಹೆಂಗಸರು, ಗಂಡೆಂದು ಬೆಳೆಸಿದರೂ ಹೆಣ್ಣಾಗಿಯೇ ಬದುಕಿದವರು, ಹೀಗೆ ಊರಿನ ಎಲ್‌ಜಿಬಿಟಿಕ್ಯೂ ಬಳಗದ ಚಾರಣವದು. ದಾರಿ ಕಷ್ಟದ್ದು, ಯೋಚಿಸಿ ಬನ್ನಿ ಎಂದು ಮೊದಲೇ ಎಚ್ಚರಿಸಿದ್ದರು. ಮುಂದಾಳು ಸಾಯಿತೇಜ, ಗುರುದತ್ತನ ಸಂಗಾತಿ, ಅಮ್ಮ ಬಂದಾಗಿನಿಂದ ಗೆಳೆಯರೊಬ್ಬರ ಮನೆ ಸೇರಿದ್ದವನು. ಅವನು ಸದ್ಯದಲ್ಲೇ ವಿಜಯವಾಡದ ಆಟೋನಗರ್‌ನಲ್ಲಿ ಸ್ವಂತ ಗ್ಯಾರೇಜು ತೆರೆಯುವವನಿದ್ದ, ಭವಾನಿಪುರಂನಲ್ಲಿ ಇಬ್ಬರಿಗೂ ಮನೆ ನೋಡಿಟ್ಟಿದ್ದ. ಗುರುದತ್ತ ವರ್ಗಾವಣೆಗೆ ಯಾವ ಊರು ಬೇಕೆಂದು ಸೋಮವಾರ ಬ್ಯಾಂಕಿಗೆ ತಿಳಿಸಬೇಕಿತ್ತು. ಅಮ್ಮ ಮೈಸೂರೆಂದು ಪಟ್ಟು ಹಿಡಿದಿದ್ದಳು.

ಅಮ್ಮನೂ ಬರುತ್ತಾಳೆಂದು ಕೇಳಿ ಸಾಯಿತೇಜನಿಗೆ ಖುಷಿಯೇ ಆಯಿತು. ಅವನ ತಾಯಿ ಬಳ್ಳಾರಿಯವಳು. ಮನೆಯೊಳಗೆ ಕಲಿತ ಕನ್ನಡದಲ್ಲೇ ಹೇಳಿದ: "ಒಳ್ಳೇದೇ ಆಯ್ತು. ಗುಡ್ಡ ಇಳಿಯೋದ್ರೊಳಗೆ ಅಮ್ಮಗಾರಿಗೆ ನಮ್ಮ ವಿಷ್ಯ ಹೇಳ್ಬಿಡು. ಇಲ್ಲಾಂದ್ರೆ ವಿಜಯವಾಡಕ್ಕೆ ನಾನೊಬ್ನೇ ಹೋಗ್ತೀನಿ."

ಗುರುದತ್ತನಿಗೆ ನಿದ್ದೆ ಹಾರಿತು. ಅವನು ಮಾಡಿದ ಘನಕಾರ್ಯವೆಂದರೆ, ನಾಳೆ ಒಂದು ದಿನ ಎಲ್ಲರೂ ದಯವಿಟ್ಟು ಬ್ಯಾಂಕಿನವರಾಗಿರಿ ಎಂದು ಬಳಗಕ್ಕೆಲ್ಲ ಮೆಸೇಜು ಕಳಿಸಿದ್ದು.

ಪಾಪ, ಆದರು. ಅಮ್ಮ ಒಬ್ಬೊಬ್ಬರನ್ನೇ ಹಿಡಿದು ಯಾವ ಸೆಕ್ಷನ್ ಎಂದು ವಿಚಾರಿಸಿದಳು. ಮಾನಸ ಕೋಚಿಂಗ್ ಸೆಂಟರಿನಲ್ಲಿ ಫಿಸಿಕ್ಸ್ ಹೇಳಿಕೊಡುವವಳು. ಹುಟ್ಟಿದಾಗ ಇಟ್ಟ ಗಂಡು ಹೆಸರನ್ನು ಎಂದೋ ಬಿಟ್ಟವಳು. ಅವಳು ತೆಲುಗಿನ ಮರ್ಯಾದೆ ಸೇರಿಸಿ "ಕ್ಯಾಷ್ ಅಂಡಿ" ಎಂದಳು. ಸೀಗಡಿ ಮರಿ ಸಾಕುವ ಯಶ್ವಂತ್ "ಗೋಲ್ಡ್ ಲೋನ್" ಎಂದ. ಅಮ್ಮ ಕೈ ಬಳೆ ಮುಂದೆ ಹಿಡಿದು ಗ್ರಾಮಿಗೆ ಎಷ್ಟು ಕೊಡ್ತೀರಿ ಎಂದಾಗ ಅವನಿಗೆ ಜೋರು ಕೆಮ್ಮು ಬಂತು. ಸಾಯಿತೇಜ ಮಾತ್ರ ಸುಳ್ಳು ಹೇಳಲೊಲ್ಲದೆ ಗುರುದತ್ತನತ್ತ ಕೈ ತೋರಿಸಿದ.

"ಇವ್ರು ನಮ್ಮ ಮ್ಯಾನೇಜರ್," ಎಂದು ಗುರುದತ್ತನೇ ಹೇಳಿದ. ಮ್ಯಾನೇಜರರ ಉಗುರಿನ ಸಂದಿಯಲ್ಲಿ ಗ್ರೀಸಿತ್ತು.

ಭೀಮಿಲಿ ಕಡೆಯ ಆ ಗುಡ್ಡಕ್ಕೆ ಮೆಟ್ಟಿಲಿಲ್ಲ. ಕಾಲಿಟ್ಟರೆ ಜಾರುವ ಕಲ್ಲು, ಬಟ್ಟೆ ಹಿಡಿದೆಳೆಯುವ ಮುಳ್ಳು, ಕಡಲ ಕಡೆಯಿಂದ ಬೆವರಿಳಿಸುವ ಗಾಳಿ. ಚಾಮುಂಡಿಬೆಟ್ಟ ಹತ್ತಿ ಪಳಗಿದ ಅಮ್ಮ ಸೀರೆ ಎತ್ತಿಕಟ್ಟಿ, ಗಂಡನ ಹಳೇ ಕ್ಯಾನ್ವಾಸ್ ಶೂ ಹಾಕಿಕೊಂಡು ಮುಂದೆ ಮುಂದೆ ಹೋದಳು. ಮಗ ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತ ಕೂತುಬಿಟ್ಟ. ಮ್ಯಾನೇಜರರು ಹಿಂದಿರುಗಿ ಬಂದು ಅವನ ತಲೆಗೆ ನೀರು ಸುರಿದು, ಶೂ ದಾರ ಕಟ್ಟಿ, ಅವನ ಬ್ಯಾಗನ್ನೂ ಹೆಗಲಿಗೇರಿಸಿಕೊಂಡರು. ಮೇಲಿನ ಬಂಡೆಯಿಂದ ಅಮ್ಮ ನೋಡುತ್ತಲೇ ಇದ್ದಳು.

ತುದಿಯಲ್ಲಿ ಎಲ್ಲರಿಗೂ ಪುಳಿಯೋಗರೆ ಬಡಿಸಿ, ಅವಳು ಮಗನನ್ನು ಪಕ್ಕಕ್ಕೆ ಕರೆದಳು.

"ಇವ್ರು ಯಾರೂ ಬ್ಯಾಂಕಿನೋರಲ್ಲ."

ಗುರುದತ್ತ ಪುಳಿಯೋಗರೆಯಿಂದ ಕಡಲೆಬೀಜ ಹೆಕ್ಕತೊಡಗಿದ.

"ನಾನೇನು ಪಿಕ್ನಿಕ್ ನೋಡ್ದೋಳಲ್ವ? ಬ್ಯಾಂಕಿನೋರು ಇಬ್ರು ಸೇರಿದ್ರೆ ಟ್ರಾನ್ಸ್‌ಫರ್ ಮಾತು, ಮೂವರು ಸೇರಿದ್ರೆ ಡಿಎ ಮಾತು. ಬೆಳಗ್ಗಿಂದ ಒಬ್ರ ಬಾಯಲ್ಲೂ ಡಿಎ ಬಂದಿಲ್ಲ. ಮ್ಯಾನೇಜರ್ ಎದುರಿಗೇ ಕಾಲು ಚಾಚ್ಕೊಂಡು ಕೂತಿದ್ದಾರೆ. ಸ್ಟಾಫಿನ ಬ್ಯಾಗ್ ಹೊರೋ ಮ್ಯಾನೇಜರನ್ನ ನಾನಂತೂ ಕಂಡಿಲ್ಲ. ಯಾರೋ ಇವ್ರು?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂತು. ಆಚೆ ಸಾಯಿತೇಜ ಇವರ ಕಡೆ ನೋಡದೆ ಖಾಲಿ ಡಬ್ಬಿಗಳನ್ನು ಜೋಡಿಸುತ್ತಿದ್ದ. ಅವನಿಲ್ಲದ ಮನೆಯನ್ನು ನೆನೆದು ಗುರುದತ್ತನಿಗೆ ಅಮ್ಮನ ಭಯಕ್ಕಿಂತ ದೊಡ್ಡ ಭಯವಾಯಿತು.

"ಅವನು ಸಾಯಿತೇಜ ಅಂತ. ಮೆಕ್ಯಾನಿಕ್ಕು. ನಾವಿಬ್ರೂ ಗಂಡ ಹೆಂಡ್ತಿ ಥರಾನೇ ಇದ್ದೀವಿ ಅಮ್ಮ, ಮೂರು ವರ್ಷದಿಂದ. ಇಲ್ಲಿರೋರೆಲ್ಲ ನನ್ನಂಥೋರೇ. ನಂಗೆ ಮೈಸೂರು ಬೇಡ, ವಿಜಯವಾಡ ಬೇಕು."

ಅಮ್ಮ ಕಡಲ ಕಡೆ ತಿರುಗಿ ಕೂತಳು. ಅಳುತ್ತಿದ್ದಾಳೆಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು.

"ಮೂರು ವರ್ಷ ನಂಗೆ ಸುಳ್ಳು ಹೇಳಿದ್ಯಲ್ಲೋ," ಎಂದಳು ಕೊನೆಗೆ. "ನಂಗಿದೆಲ್ಲ ಅರ್ಥ ಆಗಲ್ಲ. ನಿಮ್ಮಪ್ಪಂಗೆ ನೀನೇ ಹೇಳು, ನನ್ನ ಕೈಲಾಗಲ್ಲ."

ಅಷ್ಟು ಹೇಳಿ ಎದ್ದು ಹೋದಳು. ಎಲ್ಲ ಮುಗಿಯಿತೆಂದುಕೊಂಡ ಗುರುದತ್ತ.

ಅಷ್ಟರಲ್ಲಿ ಯಶ್ವಂತ್ ಫೋಟೋಗೆಂದು ಫೋನನ್ನು ಎದುರಿನ ಕಲ್ಲಿಗೆ ಒರಗಿಸಿಟ್ಟಿದ್ದ. ಎಲ್ಲರೂ ಮನಬಂದಂತೆ ನಿಂತಿದ್ದರು. ಅಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ.

"ಫೋಟೋಗೆ ಒಂದು ಕ್ರಮ ಇದೆ," ಎಂದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಸ್ಟಾಫ್ ಎಲ್ಲ ಹಿಂದೆ ಹೋಗಿ."

ಸುಳ್ಳು ಸ್ಟಾಫೆಲ್ಲ ವಿಧೇಯವಾಗಿ ಹಿಂದೆ ಸರಿಯಿತು. ಸಾಯಿತೇಜನೂ ಮೂಲೆಯಲ್ಲಿ ಕೈಕಟ್ಟಿ ನಿಂತ. ಅಮ್ಮ ಮುಂದಿನ ಬಂಡೆಯ ಮೇಲೆ ಕೂತು, ಹಿಂದೆ ತಿರುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕದ ಜಾಗ ತಟ್ಟಿದಳು.

"ನೀನ್ಯಾಕಪ್ಪ ಅಲ್ಲಿ ನಿಂತೆ? ಫ್ಯಾಮಿಲಿ ಮುಂದೆ ಕೂರ್ಬೇಕು."

ಆ ಫೋಟೋದ ಹಿಂದಿನ ಸಾಲಿನಲ್ಲಿ ಗುರುದತ್ತ ಮೂಗೊರೆಸಿಕೊಳ್ಳುತ್ತ ನಿಂತಿದ್ದಾನೆ. ಅಲ್ಲಿ ನಿಜವಾದ ಸ್ಟಾಫು ಅವನೊಬ್ಬನೇ.