ಅಪ್ಪನ ಮಿದುಳಿನ ತೋರಣ

ನಮ್ಮ ವಿಸ್ಕೊಲೋತ್ಲಾ ಊರಿನಲ್ಲಿ ಕಾಗದ ಕೊರೆದು ತೋರಣ ಮಾಡುವವರಿಗೆ ಬರವಿಲ್ಲ. ಆದರೂ ಸತ್ತವರ ಹಬ್ಬ ಬಂತೆಂದರೆ ಜನ ಮೊದಲು ಹುಡುಕಿಕೊಂಡು ಬರುತ್ತಿದ್ದದ್ದು ನನ್ನ ಅಪ್ಪ ಸೆಲೆರಿನೋನನ್ನು. ಸೀಸದ ಹಲಗೆಯ ಮೇಲೆ ಐವತ್ತು ತೆಳುಗಾಗದ ಪೇರಿಸಿ ಉಳಿಗೆ ಸುತ್ತಿಗೆ ಬಡಿದನೆಂದರೆ, ಐವತ್ತರಲ್ಲೂ ನಗುವ ಬುರುಡೆಗಳು ಒಂದೇ ಪಡಿಯಚ್ಚಾಗಿ ಏಳುತ್ತಿದ್ದವು.

ಒಂದು ಬೆಳಿಗ್ಗೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು. ನಾಲಿಗೆಯಲ್ಲಿ ಉಳಿದದ್ದು ಒಂದೇ ಮಾತು: "ಆಯ್ತು." ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು. ಕಣ್ಣು ನೋಡಿ ತಿಳಿದುಕೊಳ್ಳಬೇಕಿತ್ತು.

ಚಿಕ್ಕಪ್ಪ ಅಬುಂದಿಯೋ ಕಣ್ಣು ನೋಡುವವನಲ್ಲ.

"ಅಣ್ಣಾ, ಅಂಗಡಿ ನನ್ನ ಹೆಸ್ರಿಗೆ ಮಾಡ್ಕೊಳ್ಲಾ?"

"ಆಯ್ತು."

ಚಿಕ್ಕಪ್ಪ ನನ್ನತ್ತ ತಿರುಗಿದ. "ಕೇಳಿಸ್ತಲ್ಲ ಲಿಯೊನಿಲಾ? ಆಮೇಲೆ ಚಿಕ್ಕಪ್ಪ ಕಿತ್ಕೊಂಡ ಅನ್ಬೇಡ."

ಅಪ್ಪ ನನ್ನನ್ನೇ ನೋಡುತ್ತಿದ್ದ. ನಾನು ನೆಲ ನೋಡಿದೆ. ಇನ್ನು ಮುಂದೆ ಕೆಲಸ ಕೊಡುವವನು ಚಿಕ್ಕಪ್ಪನೇ ಅಲ್ಲವೆ?

ಅಕ್ಟೋಬರಿನಲ್ಲಿ ಪುಯೆಬ್ಲಾ ನಗರದಲ್ಲಿ ಮಿದುಳು ವೈದ್ಯರ ಸಭೆಯೊಂದಿತ್ತು. ಅವರಿಗೆ ಮಿದುಳಿನ ಚಿತ್ರದ ತೋರಣಗಳು ಬೇಕಾಗಿದ್ದವು. ಚಿಕ್ಕಪ್ಪ ಅಪ್ಪನ ತಲೆಯ ಸ್ಕ್ಯಾನ್ ತಂದು ನನ್ನ ಮುಂದೆ ಎಸೆದ.

"ಇದನ್ನೇ ಕೊರಿ. ಸತ್ತಿರೋ ಜಾಗಾನೂ ಬಿಡ್ಬೇಡ, ಅಲ್ಲಿ ತೂತು ಮಾಡು."

"ಇದು ಅಪ್ಪಂದು, ಚಿಕ್ಕಪ್ಪಾ."

"ಅವನಿಗಂತೂ ಉಪಯೋಗಕ್ಕೆ ಬರ್ಲಿಲ್ಲ. ನಮಗಾದ್ರೂ ಬರ್ಲಿ ಬಿಡು."

ಕೊರೆದೆ. ಮಿದುಳಿನ ಮಡಿಕೆಗಳನ್ನೆಲ್ಲ ಚೆಂಡುಹೂವಿನ ಎಸಳುಗಳಂತೆ ಸುರುಳಿ ಸುತ್ತಿಸಿದೆ. ಎಡಗಡೆ ಮಾವಿನ ವಾಟೆಯಷ್ಟು ತೂತು. ಅಷ್ಟು ಚೆಂದದ್ದನ್ನು ನಾನು ಹಿಂದೆಂದೂ ಕೊರೆದಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಾಯಿತು.

ಸಭೆಯ ದಿನ ಚಿಕ್ಕಪ್ಪ ಅಪ್ಪನನ್ನೂ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ. "ಈ ಮಿದುಳಿನ ಯಜಮಾನ್ರು ಇವ್ರೇ ನೋಡಿ!" ವೈದ್ಯರು ಚಪ್ಪಾಳೆ ತಟ್ಟಿದರು. ಒಬ್ಬ ವೈದ್ಯೆ ಮಾತ್ರ ಬಗ್ಗಿ ಕೇಳಿದಳು:

"ಇದಕ್ಕೆ ನೀವು ಒಪ್ಪಿದ್ರಾ, ತಾತ?"

"ಆಯ್ತು."

"ಒಪ್ಪಿರ್ಲಿಲ್ವಾ?"

"ಆಯ್ತು."

ಅವಳಿಗೆ ಅರ್ಥವಾಯಿತು. ಈಗ ಚಿಕ್ಕಪ್ಪನಿಗೆ ಉಗಿಯುತ್ತಾಳೆ ಅಂದುಕೊಂಡೆ. ಅವಳು ತನ್ನ ವಿದ್ಯಾರ್ಥಿಗಳನ್ನು ಕೈಬೀಸಿ ಕರೆದಳು.

"ಬನ್ರೋ, ಇಂಥದ್ದು ಪುಸ್ತಕದಲ್ಲಿ ಸಿಗಲ್ಲ. ತಾತ, ನೀವು ಸತ್ತೋಗಿದೀರಾ?"

"ಆಯ್ತು."

ಎಲ್ಲರೂ ಗೊಳ್ಳೆಂದರು. ನನಗೂ ನಗು ಉಕ್ಕಿ ಬಂತು. ಬಾಯಿಗೆ ಕೈ ಅಡ್ಡ ಹಿಡಿದೆ. ಅಪ್ಪ ಅದನ್ನು ನೋಡಿದ.

ನೋಡಿದವನೇ ಎಡಗೈ ಬೀಸಿ ಚಿಕ್ಕಪ್ಪನ ಕೆನ್ನೆಗೆ ಬಾರಿಸಿದ.

"ಕಾರಣವಿಲ್ದೆ ಸಿಟ್ಟು ಬರೋದು. ಇದೂ ಈ ಕಾಯಿಲೆಯ ಲಕ್ಷಣ, ಬರ್ಕೊಳ್ಳಿ" ಎಂದಳು ವೈದ್ಯೆ. ವಿದ್ಯಾರ್ಥಿಗಳು ಬರೆದುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪನ ಬಾಯಿಗೆ ನೀರು ಹಿಡಿದೆ. ಅಪ್ಪ ಹಲ್ಲು ಕಚ್ಚಿ ಮುಖ ಆಚೆ ತಿರುಗಿಸಿದ. ಆಮೇಲೂ ನನ್ನ ಕೈಯಿಂದ ಒಂದು ತುತ್ತು ತಿನ್ನಲಿಲ್ಲ. ಪಕ್ಕದ ಮನೆಯ ಗ್ರೆಗೋರಿಯಾ ಬಂದು ಬೇಯಿಸಿದ ಅವರೆಯಂಥ ಕಾಳನ್ನು ಕಿವುಚಿ ತಿನ್ನಿಸಬೇಕಾಗುತ್ತಿತ್ತು. ಏಪ್ರಿಲಿನಲ್ಲಿ ಅಪ್ಪ ತೀರಿಹೋದ.

ಆ ವೈದ್ಯರಿಗೆ ಮಾರನೆಯ ವರ್ಷದ ಸಭೆಗೂ ಅದೇ ನಮೂನೆ, ತೂತು ಸಮೇತ, ಬೇಕಂತೆ. ಕಾಗದ ಪೇರಿಸಿಕೊಂಡು ಕೊರೆಯಲು ಕೂತೆ.