ತಲೆವಸ್ತ್ರದ ಹೆಂಗಸು

ಕಿಟಕಿಯ ಬೆಳಕು ನೋಟಿನೊಳಗಿಂದ ಹಾಯುತ್ತಿತ್ತು, ಎಷ್ಟು ತೆಳ್ಳಗಿನ ಕಾಗದ, ಮಡಿಸಿದ ಗುರುತೊಂದೂ ಇಲ್ಲ, ಹಂಗೇರಿಯ ಹಳೆಯ ನೋಟು, ಯುದ್ಧ ಮುಗಿದ ಮೇಲೆ ಬೆಲೆ ಕಳೆದುಕೊಂಡು ಬೀದಿಯ ಕಸದೊಂದಿಗೆ ಗುಡಿಸಿ ಹಾಕಿದ ಕಾಲದ್ದು, ಇದೇ ಹೆಂಗಸಿನ ಚಿತ್ರವಿರುವ ಉಳಿದ ನೋಟುಗಳೆಲ್ಲ ಎಂದೋ ಸಿಕ್ಕಿದ್ದವು, ಇದೊಂದರ ಜಾಗ ಮಾತ್ರ ಆಲ್ಬಮ್ಮಿನಲ್ಲಿ ಖಾಲಿ — ತಲೆಗೆ ವಸ್ತ್ರ ಕಟ್ಟಿದ ಹೆಂಗಸು, ಕಣ್ಣಂಚಿನಲ್ಲಿ ಕೂದಲೆಳೆಯಂಥ ಗೆರೆಗಳು, ಮುದುಕ ಹಿಗ್ಗಿ ನಕ್ಕೇಬಿಟ್ಟ, ನಕ್ಕು ಒಳಮನೆಯತ್ತ ತಿರುಗಿ ಕೂಗಿದ, ಏ ಇವಳೇ, ಭೂತಗನ್ನಡಿ ತಾರೇ.

ಮಾತು ಬಾಯಿಂದ ಬಿತ್ತು, ಇನ್ನು ಎತ್ತಿಕೊಳ್ಳುವ ಹಾಗಿಲ್ಲ, ಕೋಣೆಯ ತುಂಬ ಕೂತವರೆಲ್ಲ ಬಂದದ್ದು ಅವನ ಹೆಂಡತಿ ಸತ್ತಳೆಂದು, ಅವಳನ್ನು ಕಳಿಸಿ ಇನ್ನೂ ವಾರ ಕಳೆದಿಲ್ಲ, ಅವನ ಕೈಯಲ್ಲಿ ನೋಟು, ಮುಖದ ಮೇಲೆ ಒರೆಸಲು ಮರೆತ ನಗು. ಅದನ್ನು ತಂದುಕೊಟ್ಟ ಗಡಿಯಾರ ರಿಪೇರಿಯವನು, ದುಃಖ ಒಂದಿಷ್ಟು ಮರೀಲಿ ಅಂತ ತಂದೆ ಯಜಮಾನ್ರೇ ಎಂದವನು, ಈಗ ತಪ್ಪು ತನ್ನದೇ ಎಂಬಂತೆ ನೆಲ ನೋಡುತ್ತಾನೆ, ತಂಗಿ ಎದ್ದಳು, ಇರಲಿ ಬಿಡಣ್ಣ, ನಾನೇ ತರ್ತೀನಿ, ಅತ್ತಿಗೆ ಎಲ್ಲಿಡ್ತಿದ್ರು — ಎಲ್ಲಿಡುತ್ತಿದ್ದಳು, ಅದೂ ಗೊತ್ತಿಲ್ಲ, ಕೂಗಿದಾಗಲೆಲ್ಲ ಕೈಗೆ ಬರುತ್ತಿತ್ತು, ಅಷ್ಟೆ. ದೇವರೇ ಕ್ಷಮಿಸು ಎಂದು ಕಣ್ಣು ಮುಚ್ಚಿದ, ಬೆಳಿಗ್ಗೆಯೂ ಹೀಗೇ ಮುಚ್ಚಿದ್ದ, ಅವಳಿಗೆ ಸದ್ಗತಿ ಬೇಡುವಾಗ ಅವಳ ಮುಖ ಎದುರಿಗಿರಲಿ ಎಂದು ಕಾದಿದ್ದ, ಬಂದವಳು ನೋಟುಗಳ ಈ ಪರದೇಶದವಳು, ವಸ್ತ್ರದ ನೆರಿಗೆ, ಗಲ್ಲದ ನೆರಳು, ಒಂದೂ ತಪ್ಪದೆ, ಕಟ್ಟಿಕೊಂಡವಳ ಮಚ್ಚೆ ಎಡಗೆನ್ನೆಯಲ್ಲೋ ಬಲಗೆನ್ನೆಯಲ್ಲೋ, ಯಾರನ್ನು ಕೇಳುವುದು, ಕೇಳುವುದಕ್ಕೆ ಯಾವ ಮುಖವಿದೆ. ಏನಂದ್ಲು ನನ್ನ ಸವತಿ, ಎಂದು ಹೆಂಡತಿ ಮೇಜಿನ ಆಚೆ ನಿಂತು ರೇಗಿಸುತ್ತಿದ್ದಳು, ಪುಣ್ಯವಂತೆ ಕಣ್ರೀ, ತಲೆ ಬಾಚೋ ತಾಪತ್ರಯವೇ ಇಲ್ಲ, ಒಂದ್ಸಲ ಆ ಕನ್ನಡೀಲಿ ನನ್ನ ಮುಖಾನೂ ನೋಡಬಾರದಾ — ಅವನು ತಲೆ ಎತ್ತಲಿಲ್ಲ, ಅಷ್ಟು ಹತ್ತಿರ ಬಂದು ಉಸಿರು ಬಿಡಬೇಡ, ನೋಟಿಗೆ ತಾಗುತ್ತೆ, ಎಂದ, ಅವಳು ಉಸಿರು ಬಿಗಿಹಿಡಿದು ನಿಂತಳು, ದೇವರೇ, ನಿಜವಾಗಿಯೂ ಹಿಡಿದು ನಿಂತಳು, ಇವನು ನೋಡಿ ಮುಗಿಸುವವರೆಗೆ.

ಸಿಕ್ತು, ತಗೋ ಅಣ್ಣ, ಎಂದಳು ತಂಗಿ, ಕಣ್ಣು ತೆರೆದ, ಗಾಜಿನ ಅಂಚಿನಲ್ಲಿ ತಂಗಿಯ ಹೆಬ್ಬೆರಳು, ದುಂಡಗೆ, ನುಣ್ಣಗೆ — ಇದಲ್ಲ, ಉಗುರು ನಡುವೆ ಸೀಳಿದ್ದು, ಅವನ ನೋಟಕ್ಕೆ ಅಡ್ಡ ಬರಬಾರದೆಂದು ಹಿಂದಕ್ಕೆ ಬಾಗಿದ್ದು, ಹೆಂಡತಿಯ ಆ ಹೆಬ್ಬೆರಳು, ಬಂತು, ಈಗ ಬಂತು, ಅದರಿಂದ ಮೇಲಕ್ಕೆ, ಮಣಿಕಟ್ಟು, ತೋಳು, ಇನ್ನೊಂದಿಷ್ಟು ಮೇಲಕ್ಕೆ, ಮುಖದವರೆಗೆ ಎಂದು ಮನಸ್ಸನ್ನು ನೂಕಿದ, ನೂಕಿದ, ಹೋಗಲೊಲ್ಲದು, ಹೆಬ್ಬೆರಳು, ಸೀಳಿದ ಉಗುರು, ಹಿಂದಕ್ಕೆ ಬಾಗಿದ ಹೆಬ್ಬೆರಳು —